ಜರ್ಮನಿಗೆ ಎರಡೇ ಸೀಟು

"ಸುಳ್ಳು!"

ಎದುರು ಕುರ್ಚಿಯ ಹುಡುಗ ಅಷ್ಟು ಜೋರಾಗಿ ಹೇಳಿದ್ದಕ್ಕೆ ಅನಘಾಳ ಮುಖ ಕೆಂಪಾಯಿತು.

ಕೆಂಗೇರಿಯಾಚೆಗಿನ ಆ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಕೊನೆಯ ವರ್ಷವನ್ನು ಜರ್ಮನಿಯಲ್ಲಿ ಓದುವವರನ್ನು ತಯಾರು ಮಾಡುವ ತರಗತಿಯ ಮೊದಲ ದಿನವದು. ಪದ್ಮನಾಭ ಸರ್ ಎಲ್ಲರನ್ನೂ ಜೋಡಿಜೋಡಿಯಾಗಿ ಕೂರಿಸಿ, ಒಬ್ಬರನ್ನೊಬ್ಬರು ಇಂಟರ್‌ವ್ಯೂ ಮಾಡಿ ಎಂದಿದ್ದರು. ಅನಘಾಳ ಪಾಲಿಗೆ ಬಂದವನು ಎಲೆಕ್ಟ್ರಿಕಲ್‌ನ ಗಿರಿರಾಜ್.

"ಏನ್ರೀ ಸುಳ್ಳು?"

"ಜಾಗತಿಕ ಮಟ್ಟದ ಅನುಭವ ಬೇಕು ಅಂದ್ರಲ್ಲ, ಅದು. ಬ್ರೋಶರ್ ನಾನೂ ಓದಿದೀನಿ. ನಿಮಗೆ ನಿಜವಾಗ್ಲೂ ಯಾಕೆ ಹೋಗ್ಬೇಕು?"

ಅವಳಿಗೆ ರೇಗಿತು.

"ಕಾಮಾಕ್ಷಿಪಾಳ್ಯದಲ್ಲಿ ನಮ್ಮಪ್ಪಂದು ಲೇತ್ ಶೆಡ್ ಇದೆ. ನಾನು ಮೆಕ್ಯಾನಿಕಲ್ ಓದ್ತಿದೀನಿ. ಆದ್ರೂ ಮೆಷಿನ್ ಹತ್ರ ಹೋದ್ರೆ, 'ಹೆಣ್ಮಗು, ದೂರ ನಿಂತ್ಕೊಳವ್ವ' ಅಂತಾರೆ! ನನ್ನ ಕೈಗೆ ಮೆಷಿನ್ ಕೊಡೋ ಜಾಗಕ್ಕೆ ಹೋಗ್ಬೇಕು ನಾನು. ಸಾಕಾ?"

ಗಿರಿರಾಜ್ ನಕ್ಕ. ಗೇಲಿಯ ನಗುವಲ್ಲ.

"ಇದನ್ನೇ ಹೇಳಿ. ಯಾರೂ ಬೇಡ ಅನ್ನಲ್ಲ."

ಅಂದಿನಿಂದ ಇಬ್ಬರೂ ಸಂಜೆ ಒಂದೇ ಮೆಟ್ರೋ ಹತ್ತತೊಡಗಿದರು. ವಿಜಯನಗರದಲ್ಲಿ ಇಳಿದು ಅವಳು ಗೋವಿಂದರಾಜನಗರಕ್ಕೆ, ಅವನು ಮೂಡಲಪಾಳ್ಯಕ್ಕೆ. ಎರಡು ತಿಂಗಳಲ್ಲಿ 'ನೀವು' ಹೋಗಿ 'ನೀನು' ಬಂತು. ಪ್ರೀತಿ ಎಂಬ ಮಾತನ್ನು ಮಾತ್ರ ಇಬ್ಬರೂ ಆಡಲಿಲ್ಲ...

ಕೊನೆಯ ಸುತ್ತಿನ ಇಂಟರ್‌ವ್ಯೂಗೆ ಮೂವರು ಆಯ್ಕೆಯಾದರು. ಅನಘಾ, ಗಿರಿರಾಜ್ ಮತ್ತು ಕುರುಬರಹಳ್ಳಿಯ ಸಿಂಚನಾ. ಇದ್ದದ್ದು ಎರಡೇ ಸೀಟು.

ಸಿಂಚನಾ ತರಗತಿಯಲ್ಲಿ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದಳು, ಇಲ್ಲವೇ ಬರೆದು ತೋರಿಸುತ್ತಿದ್ದಳು. 'ಜಂಬದವಳು' ಎಂದು ಅನಘಾ ಎಂದೋ ತೀರ್ಮಾನಿಸಿಯಾಗಿತ್ತು.

ಪಟ್ಟಿ ಬಂದ ಮರುದಿನವೇ ಗಿರಿರಾಜ್, "ಇವತ್ತು ನೀನು ಹೋಗಿರು, ನನಗೆ ಸ್ವಲ್ಪ ಕೆಲಸ ಇದೆ" ಎಂದ. ಅದರ ಮರುದಿನವೂ ಹಾಗೇ ಅಂದ. ಹೀಗೇ ನಾಲ್ಕು ದಿನ ಕಳೆಯಿತು.

ಐದನೆಯ ದಿನ, ಮರೆತ ಪುಸ್ತಕಕ್ಕೆಂದು ಲ್ಯಾಂಗ್ವೇಜ್ ಲ್ಯಾಬಿಗೆ ಹೋದ ಅನಘಾ ಬಾಗಿಲಲ್ಲೇ ನಿಂತುಬಿಟ್ಟಳು.

ಒಳಗೆ ಗಿರಿರಾಜ್ ಮತ್ತು ಸಿಂಚನಾ! ಎದುರುಬದುರು ಕೂತಿದ್ದಾರೆ. ಅವನು ತುಟಿ ದುಂಡಗೆ ಮಾಡಿ "ಊ..." ಎನ್ನುತ್ತಿದ್ದಾನೆ. ಅವಳೂ ಅವನ ತುಟಿಯನ್ನೇ ನೋಡುತ್ತಾ "ಊ..." ಎಂದಳು. ಆಮೇಲೆ ಇಬ್ಬರೂ ಬಿದ್ದುಬಿದ್ದು ನಕ್ಕರು.

ಅನಘಾ ಪುಸ್ತಕ ತೆಗೆದುಕೊಳ್ಳದೆಯೇ ತಿರುಗಿ ನಡೆದಳು.

'ಓ... ಇದಾ ಸ್ವಲ್ಪ ಕೆಲಸ? ಇಬ್ಬರೂ ಸೇರಿ ವಿಮಾನ ಹತ್ತೋ ಪ್ಲಾನು! ನಾನು ಇಲ್ಲಿ ನಿಂತು ಟಾಟಾ ಮಾಡ್ಬೇಕು!'

ರಾತ್ರಿ ಊಟಕ್ಕೆ ಕೂತಾಗ ತಾಯಿ ಜಗದಾಂಬಾ, "ರೊಟ್ಟಿ ಮೇಲೆ ಯಾಕೆ ಸಿಟ್ಟೇ? ತಿನ್ನೋದಾದ್ರೆ ತಿನ್ನು, ಹರಿದು ಹಾಕ್ಬೇಡ" ಎಂದು ಗದರಿದರು.

ಇಂಟರ್‌ವ್ಯೂನ ಹಿಂದಿನ ದಿನ ಪದ್ಮನಾಭ ಸರ್ ಅವಳನ್ನು ಕರೆದರು.

"ನಾಳೆ ನಾಲ್ಕೂವರೆಗಲ್ಲ, ಒಂದೂವರೆಗೇ ಜರ್ಮನಿಯವರು ವಿಡಿಯೋದಲ್ಲಿ ಬರ್ತಾರಂತೆ. ಗಿರಿರಾಜ್‌ಗೆ ಹೇಳಿದೀನಿ. ಸಿಂಚನಾ ಮನೆಗೆ ಹೊರಟುಹೋದ್ಲು, ನೀನು ಹೇಳ್ಬಿಡಮ್ಮ. ಅವಳಿಗೆ ನೀನೇ ಹೇಳ್ತೀಯ ಅಂತ ಗಿರಿರಾಜ್‌ಗೂ ಹೇಳಿದೀನಿ."

"ಆಯ್ತು ಸರ್."

ಫೋನ್ ಕೈಗೆತ್ತಿಕೊಂಡಳು. ದುಂಡಗಾದ ಆ ತುಟಿಗಳು ಕಣ್ಣ ಮುಂದೆ ಬಂದವು. ಫೋನನ್ನು ಬ್ಯಾಗಿಗೆ ಹಾಕಿಬಿಟ್ಟಳು. 'ಆಮೇಲೆ ಹೇಳಿದ್ರಾಯ್ತು...'

ಹೇಳಲಿಲ್ಲ. ಬೆಳಗಾಯಿತು. ಆಗಲೂ ಹೇಳಲಿಲ್ಲ!

ಹನ್ನೊಂದೂಕಾಲಕ್ಕೆ ಅವಳು ಸ್ಕೂಟರ್ ಹೊರಗೆ ತೆಗೆಯುತ್ತಿದ್ದಾಗ ಸಿಂಚನಾಳೇ ಫೋನ್ ಮಾಡಿದಳು.

"ಅ... ಅ... ಅ..."

"ಯಾರು? ಸಿಂಚನಾ?"

"ಅ... ಅನಘಾ." ಒಂದು ಹೆಸರು ಹೇಳುವಷ್ಟರಲ್ಲಿ ಅವಳ ಉಸಿರು ಸೋತಿತ್ತು. "ನ... ನನಗೆ ಉಗ್ಗು ಇದೆ. ಚಿಕ್ಕವನಿದ್ದಾಗ ಗಿ... ಗಿರಿಗೂ ಇತ್ತಂತೆ. ಒಂದು ವಾರದಿಂದ ಅವ್ನೇ ಮಾತಾಡೋದು ಹೇಳ್ಕೊಡ್ತಿದಾನೆ. ಯಾರಿಗೂ ಹೇಳ್ಬೇಡ ಅಂತ ನಾನೇ ಆಣೆ ಹಾಕ್ಸಿದ್ದೆ. ಇ... ಇನ್ನೊಬ್ಬರ ಮುಂದೆನೂ ಒಂದ್ಸಲ ಇಂಟರ್‌ವ್ಯೂ ಉತ್ತರ ಹೇಳಿ ನೋಡು ಅಂದ. ಸ್ವಲ್ಪ ಕೇಳ್ತೀಯಾ? ಅ... ಅನಘಾ ನಗಲ್ಲ ಅಂತ ಹೇಳಿದಾನೆ..."

ಅನಘಾ ಗೇಟಿಗೆ ಒರಗಿದಳು. ಎರಡು ತಿಂಗಳು ಜಂಬ ಎಂದುಕೊಂಡದ್ದು ಇದನ್ನೇ! 'ನಾನು ನಗಲ್ಲವಂತೆ. ನಾನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು...'

"ಸಿಂಚನಾ, ಇಂಟರ್‌ವ್ಯೂ ಒಂದೂವರೆಗೆ! ರೆಡಿಯಾಗು, ನಾನೇ ಬರ್ತಾ ಇದೀನಿ!"

ಕುರುಬರಹಳ್ಳಿಗೆ ಹೋಗಿ, ಅವಳನ್ನು ಕೂರಿಸಿಕೊಂಡು ವಿಜಯನಗರಕ್ಕೆ ಬಂದು ಮೆಟ್ರೋ ಹತ್ತುವಷ್ಟರಲ್ಲಿ ಹನ್ನೆರಡೂವರೆ. ಕೆಂಗೇರಿಯವರೆಗೂ ಸಿಂಚನಾ ತನ್ನ ಉತ್ತರಗಳನ್ನು ಹೇಳುತ್ತಲೇ ಹೋದಳು. ಜನ ತಿರುತಿರುಗಿ ನೋಡಿದರು. ಅನಘಾ ಅವಳ ಕೈ ಬಿಡಲಿಲ್ಲ.

ಇಂಟರ್‌ವ್ಯೂಗೆ ಹತ್ತು ನಿಮಿಷವಿದ್ದಾಗ ತಲುಪಿದರು. ಮೂವರದೂ ಮುಗಿದ ಮೇಲೆ, ಕಾರಿಡಾರಿನಲ್ಲಿ ಅನಘಾ ಇಬ್ಬರನ್ನೂ ನಿಲ್ಲಿಸಿದಳು.

"ಟೈಮ್ ಬದಲಾಗಿದ್ದು ನನಗೆ ನಿನ್ನೆನೇ ಗೊತ್ತಿತ್ತು. ಬೇಕಂತಲೇ ಹೇಳ್ಲಿಲ್ಲ. ಕ್ಷಮಿಸು ಸಿಂಚನಾ."

ಸಿಂಚನಾ ಅವಳ ಮುಖ ನೋಡಿ, "ಕೊ... ಕೊನೆಗೆ ಕರ್ಕೊಂಡು ಬಂದೆಯಲ್ಲ" ಎಂದಳು.

ಗಿರಿರಾಜ್ ಮಾತ್ರ ಅಷ್ಟಕ್ಕೇ ಬಿಡಲಿಲ್ಲ.

"ನಾಲ್ಕೂವರೆಗೆ ಅವಳು ಬಂದು ಖಾಲಿ ರೂಮ್ ಮುಂದೆ ನಿಂತಿದ್ರೆ? ನೀನು ಹೀಗೆ ಮಾಡ್ತೀಯ ಅಂದ್ಕೊಂಡಿರ್ಲಿಲ್ಲ, ಅನಘಾ."

ಮೂರು ದಿನ ಅವನು ಅವಳತ್ತ ನೋಡಲೂ ಇಲ್ಲ.

ನಾಲ್ಕನೆಯ ದಿನ ಫಲಿತಾಂಶ ಬಂತು. ಅನಘಾ, ಸಿಂಚನಾ. ಗಿರಿರಾಜನ ಹೆಸರಿರಲಿಲ್ಲ.

ಲೇತ್ ಶೆಡ್ಡಿನಿಂದಲೇ ಫೋನ್ ಮಾಡಿ ಅಪ್ಪ ಗುರುಬಸಪ್ಪ ಸಂತೋಷಪಟ್ಟರು. ಅನಘಾ ಎರಡೇ ಮಾತಾಡಿ ಫೋನ್ ಇಟ್ಟಳು. ಸಂಜೆ ಕೆಂಗೇರಿ ಪ್ಲಾಟ್‌ಫಾರ್ಮಿನಲ್ಲಿ ಒಬ್ಬಳೇ ನಿಂತಿದ್ದಾಗ ಪಕ್ಕದಲ್ಲಿ ಯಾರೋ ಬಂದು ನಿಂತರು.

"ಕಂಗ್ರಾಟ್ಸ್."

ಗಿರಿರಾಜ್!

"ಇನ್ನೂ ಕೋಪಾನಾ?" ಅವಳು ಕೇಳಿದಳು.

"ಮೊದಲ ದಿನ ಕೋಪಾನೇ. ಇವತ್ತು ಲಿಸ್ಟ್ ನೋಡ್ದಾಗ ಬಂದಿದ್ದು ಕೋಪ ಅಲ್ಲ ಕಣೇ... ಹೊಟ್ಟೆಕಿಚ್ಚು! ಸಿಂಚನಾಗೆ ಯಾಕಾದ್ರೂ ಹೇಳ್ಕೊಟ್ಟೆ ಅನ್ನಿಸ್ಬಿಡ್ತು ಒಂದು ಕ್ಷಣ. ನಾಚಿಕೆಯಾಯ್ತು. ನಾನೇನು ದೊಡ್ಡ ಮನುಷ್ಯ ಅಂತ ನಿನಗೆ ಬೈದೆ?"

"ನನ್ನದು ಬರೀ ಸೀಟಿನ ಹೊಟ್ಟೆಕಿಚ್ಚಲ್ಲ, ಗಿರಿ."

"ಮತ್ತೆ?"

"ನೀನು ಅವಳ ಜೊತೆ ನಗ್ತಾ ಇದ್ದೆ. ನನ್ನ ಕೈಲಿ ನೋಡೋಕಾಗ್ಲಿಲ್ಲ..." ಕಣ್ಣು ತುಂಬಿ ಬಂತು. "ಹೇಳ್ಬಿಡ್ತೀನಿ. ನಿನ್ನ ಪ್ರೀತಿಸ್ತೀನಿ. ತಪ್ಪು ಮಾಡಿದೋಳು ನಾನು, ಬೇಡ ಅಂದ್ರೂ ಪರವಾಗಿಲ್ಲ."

ರೈಲು ಬಂತು. ಬಾಗಿಲು ತೆರೆಯಿತು, ಮುಚ್ಚಿತು. ಇಬ್ಬರೂ ಹತ್ತಲಿಲ್ಲ.

"ಬೇಡ ಅಂತ ಯಾರು ಅಂದ್ರು?" ಅವನು ಮೆಲ್ಲಗೆ ಕೇಳಿದ. "ಮಾಸ್ಟರ್ಸ್‌ಗೆ ನಾನೂ ಅಲ್ಲಿಗೇ ಅರ್ಜಿ ಹಾಕ್ತೀನಿ. ಅಲ್ಲೀವರೆಗೆ... ಅಲ್ಲಿ ಹುಡುಗರು ಚೆನ್ನಾಗಿರ್ತಾರಾ?"

"ಇರಬಹುದು."

"ಅನಘಾ!"

ಕಣ್ಣೀರಿನ ನಡುವೆಯೇ ನಗುತ್ತಾ ಅವಳು ಅವನ ಕೈ ಹಿಡಿದಳು.

"ಹೊಟ್ಟೆಕಿಚ್ಚಾದಾಗೆಲ್ಲ ಫೋನ್ ಮಾಡು."

"ದಿನಾ ಆದ್ರೆ?"

"ದಿನಾ ಮಾಡು."