ಹಸಿರು ಕಾರಿನ ಹಿತ್ತಾಳೆ ಪಟ್ಟಿ

ಹರಾಜಿನ ದಿನ ಬೆಳಿಗ್ಗೆ ಮ್ಯಾನೇಜರ್ ಹಸಿರು ಕಾರಿನ ಬಾನೆಟ್ ಎತ್ತಿದ. ಎತ್ತಿದವನು ಹಾಗೇ ನಿಂತುಬಿಟ್ಟ.

ಎಂಜಿನ್ ಇತ್ತು. ಬ್ಯಾಟರಿ ಇತ್ತು. ಚಾಸಿ ನಂಬರ್ ಕೊರೆದಿದ್ದ ಹಿತ್ತಾಳೆ ಪಟ್ಟಿ ಮಾತ್ರ ಮಾಯವಾಗಿತ್ತು. ಅದಿದ್ದ ಜಾಗದಲ್ಲಿ ನಾಲ್ಕು ತೂತುಗಳು ಪಿಳಿಪಿಳಿ ನೋಡುತ್ತಿದ್ದವು.

ಫೋನ್ ಹೋಯಿತು. ಇನ್‌ಸ್ಪೆಕ್ಟರ್ ಬಂದರು. ಠಾಣೆಯಲ್ಲಿ ಅವರಿಗೆ ‘ಉಡ’ ಅಂತ ಅಡ್ಡಹೆಸರು. ಹಿಡಿದದ್ದನ್ನು ಬಿಡುವ ಪೈಕಿ ಅಲ್ಲ. ಎದುರಿಗೆ ಮಾತ್ರ ಎಲ್ಲರೂ ಬಾಯ್ತುಂಬ ‘ಮೇಡಂ’ ಅನ್ನುತ್ತಿದ್ದರು.

“ಒಂದು ಪಟ್ಟಿಗೆ ಇಷ್ಟು ಗಾಬರಿ ಯಾಕ್ರೀ?”

“ಅದು ಕಾರಿನ ಜಾತಕ ಇದ್ದ ಹಾಗೆ ಮೇಡಂ,” ಮ್ಯಾನೇಜರ್ ಬೆವರು ಒರೆಸಿಕೊಂಡ. “ಮೊದಲು ಯಾರು ಕೊಂಡಿದ್ದು ಅನ್ನೋದು ಆ ನಂಬರಿಂದಲೇ ಗೊತ್ತಾಗೋದು. ನಿನ್ನೆ ಒಬ್ಬ ಟೀಚರ್ ಹರಾಜಿನ ಜಾಹೀರಾತು ನೋಡಿ ಬಂದು ಗಲಾಟೆ ಮಾಡಿದ್ರು. ಇದು ನಮ್ಮಮ್ಮನ ಕಾರು, ಕದ್ದ ಮಾಲು, ಪಟ್ಟಿ ಬೇರೆ ಗಾಡಿದು ಅಂತ. ಹಾಗಾದ್ರೆ ತಜ್ಞರಿಗೆ ತೋರಿಸೋಣ ಅಂದಿದ್ದೆ. ತಜ್ಞರು ಇವತ್ತು ಬರೋದಿತ್ತು.”

“ಆ ಟೀಚರಮ್ಮನೇ ಕಿತ್ತಿರೋದು!” ಹಿಂದಿನಿಂದ ದನಿ ಬಂತು.

ಕಾರಿನ ಮಾಲೀಕರು. ಕೈಯಲ್ಲಿ ಸದಾ ಒಂದು ಹಳದಿ ಮೆತ್ತನೆ ಬಟ್ಟೆ. ಮಾತಾಡುತ್ತಲೇ ಕಾರು ಒರೆಸುವುದು ಅವರ ಚಾಳಿ. ಹಾಗಾಗಿ ಹಳೇ ಕಾರುಗಳ ಮಂದಿಗೆಲ್ಲ ಅವರು ‘ಪಾಲಿಶ್ ಸಾಹೇಬರು’.

“ನಮ್ಮಪ್ಪ ಶೋರೂಮಿಂದ ಹೊಸದಾಗಿ ತಂದ ಗಾಡಿ ಮೇಡಂ ಇದು. ಇಪ್ಪತ್ತು ವರ್ಷ ದಿನಾ ಅಂಗಡಿಗೆ ಇದರಲ್ಲೇ ಓಡಾಡಿದ್ರು. ನಾನು ಪೇಂಟು, ಕಾರ್ಪೆಟ್ಟು ಬಿಟ್ಟು ಏನೂ ಬದಲಾಯಿಸಿಲ್ಲ. ಪೆಡಲ್ ರಬ್ಬರ್ ಕೂಡ ಕಂಪನಿದೇ! ಬನ್ನಿ, ನೋಡಿ.”

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. ಬ್ರೇಕಿನ ರಬ್ಬರ್ ಸವೆದು ನುಣ್ಣಗಾಗಿತ್ತು. ಆಕ್ಸಿಲರೇಟರ್ ಪೂರ್ತಿ ಬೋಳು. ಕ್ಲಚ್ಚಿನ ಮೇಲೆ ಕಂಪನಿಯ ಮುದ್ರೆ ಎದ್ದು ಕಾಣುತ್ತಿತ್ತು. ಚೆನ್ನಾಗಿದೆ ಅಂದು ತಲೆ ಹೊರಗೆಳೆದುಕೊಂಡರು. ಉಡಕ್ಕೂ ಒಂದೊಂದು ಸಲ ಕಣ್ಣು ಮಂಜಾಗುತ್ತದೆ.

“ಕಾಗದಪತ್ರ ಎಲ್ಲಾ ಸರಿಯಾಗಿದೆ,” ಸಾಹೇಬರು ಬಂಪರ್ ಒರೆಸುತ್ತ ಅಂದರು. “ಪಟ್ಟಿ ಇಲ್ಲದಿದ್ರೂ ಹರಾಜು ನಡೀಲಿ. ಕೊಳ್ಳೋರು ವಿದೇಶದವರು, ಸಂಜೆ ಗಾಡಿ ಹಡಗು ಹತ್ತಬೇಕು.”

ಹಡಗು ಹತ್ತಿದ ಮೇಲೆ ಮುಗಿಯಿತು. ಆಮೇಲೆ ಅದು ಯಾರ ಅಮ್ಮನದಾದರೇನು, ಅಪ್ಪನದಾದರೇನು!

“ನಾನು ವಾಪಸ್ ಬರೋವರೆಗೂ ಸುತ್ತಿಗೆ ಎತ್ತಕೂಡದು,” ಇನ್‌ಸ್ಪೆಕ್ಟರ್ ಮ್ಯಾನೇಜರ್‌ಗೆ ಹೇಳಿದರು.

* * *

ವಾಚ್‌ಮನ್ ಖಡಾಖಂಡಿತವಾಗಿ ಹೇಳಿದ. “ನಿನ್ನೆ ಸಂಜೆ ಆ ಟೀಚರಮ್ಮ ಇನ್ನೊಂದ್ಸಲ ಬಂದಿದ್ರು ಮೇಡಂ. ಒಬ್ಬರೇ. ಕಾರಿನ ಬಾಗಿಲು ತೆಗೆದು ಒಳಗೆ ಇಣುಕಿ ನೋಡ್ತಿದ್ರು. ನಾನು ಗದರಿಸಿ ಕಳಿಸಿದೆ.”

“ಬೇರೆ ಯಾರು ಬಂದಿದ್ರು?”

“ಯಾರೂ ಇಲ್ಲ.”

“ಪಾಲಿಶ್ ಸಾಹೇಬರು?”

“ಅವರು ಬಂದೇ ಬರ್ತಾರಲ್ಲ! ದಿನಾ ಬರ್ತಾರೆ, ಒರೆಸ್ತಾರೆ, ಹೋಗ್ತಾರೆ. ಓನರ್‌ನ ಯಾರಾದ್ರೂ ಲೆಕ್ಕಕ್ಕೆ ಹಿಡೀತಾರಾ?”

ಇನ್‌ಸ್ಪೆಕ್ಟರ್ ಮತ್ತೆ ಬಾನೆಟ್ ಎತ್ತಿಸಿದರು. ನಾಲ್ಕು ತೂತುಗಳ ಸುತ್ತ ಬೆರಳಾಡಿಸಿದರು. ಒಂದು ಗೀರಿಲ್ಲ. ಬೆರಳಿಗೆ ಏನೋ ಅಂಟಂಟು ತಾಕಿತು. ಪಟ್ಟಿಯ ಉದ್ದಗಲಕ್ಕೆ ಸುತ್ತಲೂ ಟೇಪಿನ ಗೋಂದು. ಅದರಾಚೆ ಮೇಣದ ಹೊಳಪು.

ಬೆರಳು ಮೂಸಿ ನೋಡಿದರು. ಜೀಪು ಹತ್ತಿದರು.

* * *

ಟೀಚರ್ ಮನೆ ಚಿಕ್ಕದು. ಕಿಟಕಿ ಪಕ್ಕ ಕುರ್ಚಿಯಲ್ಲಿ ಅವರ ತಾಯಿ ಬಟಾಣಿ ಸುಲಿಯುತ್ತಿದ್ದರು. ತೊಂಬತ್ತರ ಹತ್ತಿರದ ಹೆಂಗಸು. ಅರ್ಧ ಊರಿಗೆ ಹೆರಿಗೆ ಮಾಡಿಸಿದ ಡಾಕ್ಟರಮ್ಮ.

“ಕೂತ್ಕೊಳ್ಳಮ್ಮ,” ಅಂದರು ಸಮವಸ್ತ್ರ ನೋಡಿ. “ನಿಮ್ಮ ಇಲಾಖೆಯವರು ಈ ಮನೆಗೆ ಬಂದು ನಲವತ್ತು ವರ್ಷ ಆಯ್ತು. ಆಗ ಬಂದವನು ಕೂರಲೂ ಇಲ್ಲ. ನಿಂತ ನಿಲುವಲ್ಲೇ ತೀರ್ಮಾನ ಮಾಡಿ ಹೋದ.”

“ಏನಂತ?”

“ಸುಳ್ಳುಗಾತಿ ಅಂತ.”

ಟೀಚರ್ ಮುಖ ತಿರುಗಿಸಿಕೊಂಡರು.

“ಒಂದು ಹೆರಿಗೆ ಮುಗಿಸಿ ಆಸ್ಪತ್ರೆಯಿಂದ ಆಚೆ ಬಂದೆ, ಕಾರಿಲ್ಲ. ದೂರು ಕೊಟ್ಟೆ. ಆ ಮಹಾನುಭಾವ ಅಂದ, ‘ನಿಮ್ಮ ಕುಂಟು ಕಾರನ್ನ ನೀವಲ್ಲದೆ ಇನ್ಯಾರು ಓಡಿಸೋಕಾಗುತ್ತೆ? ವಿಮೆಗೋಸ್ಕರ ನೀವೇ ಬಚ್ಚಿಟ್ಟಿದ್ದೀರಿ.’ ಸುಳ್ಳು ದೂರು ಅಂತ ಷರಾ ಬರೆದ. ಊರಿಗೆಲ್ಲ ಗೊತ್ತಾಯ್ತು. ನನ್ನ ಕೈಯಲ್ಲೇ ಹುಟ್ಟಿದವರು ನನ್ನ ಕಂಡ್ರೆ ರಸ್ತೆ ದಾಟಿ ಆ ಕಡೆಗೆ ಹೋಗೋಕೆ ಶುರು ಮಾಡಿದ್ರು. ನನಗೆ ಕಾರು ಬೇಡ ತಾಯಿ. ಆ ಮಾತು ವಾಪಸ್ ಬೇಕು.”

“ಕುಂಟು ಕಾರು ಅಂದ್ರೆ?”

ಡಾಕ್ಟರಮ್ಮ ಸೀರೆ ತುಸು ಸರಿಸಿದರು. ಎಡಗಾಲು ಕಡ್ಡಿಯಾಗಿತ್ತು.

“ಪೋಲಿಯೋ. ಕ್ಲಚ್ ಒತ್ತೋಕಾಗಲ್ಲ. ನಮ್ಮ ಯಜಮಾನರು ಮೆಕ್ಯಾನಿಕ್ಕು. ಬಾಗಿಲ ಪಕ್ಕ ನೆಲಕ್ಕೆ ಒಂದು ಕೈಹಿಡಿ ಕೂರಿಸಿ, ಕೆಳಗಿಂದ ಸಲಾಕೆ ಕೊಟ್ಟು ಕ್ಲಚ್ಚಿಗೆ ಜೋಡಿಸಿದ್ರು. ಒಂದು ಕೈ ಕ್ಲಚ್ಚಿಗೆ, ಒಂದು ಕೈ ಗೇರಿಗೆ.”

“ಮತ್ತೆ ಸ್ಟೀರಿಂಗು?”

“ಆ ಒಂದು ಗಳಿಗೆ ದೇವರು ಹಿಡ್ಕೊಳ್ತಿದ್ದ.”

ಇನ್‌ಸ್ಪೆಕ್ಟರ್‌ಗೆ ನಗು ಬಂತು, ತಡೆದುಕೊಂಡರು. ಟೀಚರ್ ಕಡೆ ತಿರುಗಿದರು. “ನಿನ್ನೆ ಸಂಜೆ ಮತ್ತೆ ಯಾಕೆ ಹೋಗಿದ್ರಿ?”

“ಅಮ್ಮ ಕೈಹಿಡಿ ಇದೆಯಾ ನೋಡ್ಕೊಂಡು ಬಾ ಅಂದ್ರು.” ಟೀಚರ್ ದನಿ ಇಳಿಯಿತು. “ಅದು ಇರಲಿಲ್ಲ. ಹೊಸ ಕಾರ್ಪೆಟ್ ಅಷ್ಟೇ. ಮನೆಗೆ ಬಂದು ಹೇಳೋಕೆ ಬಾಯೇ ಬರ್ಲಿಲ್ಲ.”

ಬಟಾಣಿ ಸುಲಿಯುವ ಕೈ ನಿಂತಿತು. “ಇಲ್ವಾ? ಹಾಗಾದ್ರೆ ಅದು ನನ್ನದಲ್ವಾ?”

ಆಗಲೇ ಇನ್‌ಸ್ಪೆಕ್ಟರ್ ತಲೆಯಲ್ಲಿ ಆ ರಬ್ಬರಿನ ಮುದ್ರೆ ಮೂಡಿ ನಿಂತಿತು.

“ಅಮ್ಮಾ, ಕೈಹಿಡಿ ಕೂರಿಸಿದಾಗ ಪೆಡಲ್ ಕಿತ್ತು ಹಾಕಿದ್ರಾ?”

“ಇಲ್ಲ. ರಿಪೇರಿಗೆ ಬಿಟ್ಟಾಗ ಬೇರೆಯವರು ಓಡಿಸಬೇಕಲ್ಲ ಅಂತ ಹಾಗೇ ಉಳಿಸಿದ್ರು.”

ಇನ್‌ಸ್ಪೆಕ್ಟರ್ ದಡಕ್ಕನೆ ಎದ್ದರು. “ಹೊರಡಿ. ಇಬ್ಬರೂ.”

* * *

ಹರಾಜಿನ ಹಾಲ್ ತುಂಬಿತ್ತು. ಕೊಳ್ಳುವವರು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಮ್ಯಾನೇಜರ್ ಸುತ್ತಿಗೆ ಹಿಡಿದು ಚಡಪಡಿಸುತ್ತಿದ್ದ. ಪಾಲಿಶ್ ಸಾಹೇಬರು ಹೆಡ್‌ಲೈಟ್ ಒರೆಸುತ್ತಿದ್ದರು.

ಇನ್‌ಸ್ಪೆಕ್ಟರ್ ಕಾರಿನ ಬಾಗಿಲು ತೆರೆದರು. “ಅಮ್ಮಾ, ಒಳಗೆ ಕೂತ್ಕೊಳ್ಳಿ. ಹೊರಡೋ ಹಾಗೆ ಮಾಡಿ.”

ಡಾಕ್ಟರಮ್ಮ ಮಗಳ ಭುಜ ಹಿಡಿದು ಕೂತರು. ಒಂದು ಕೈ ತಾನಾಗಿ ಗೇರಿಗೆ ಹೋಯಿತು. ಇನ್ನೊಂದು ಕೈ ಬಾಗಿಲ ಪಕ್ಕ ಕೆಳಗಿಳಿದು ಗಾಳಿಯನ್ನು ಹಿಡಿದು ನಿಂತಿತು.

“ಆ ಕೈ ಕೆಳಗಿನ ಕಾರ್ಪೆಟ್ ಎತ್ತು,” ಇನ್‌ಸ್ಪೆಕ್ಟರ್ ಕಾನ್‌ಸ್ಟೇಬಲ್‌ಗೆ ಹೇಳಿದರು.

“ರೀ, ಹರಿದೀತು!” ಸಾಹೇಬರು ಕೂಗಿದರು.

ಕಾರ್ಪೆಟ್ ಎದ್ದಿತು. ನೆಲದ ತಗಡಿನಲ್ಲಿ ಎರಡು ದುಂಡನೆಯ ತೇಪೆ. ಬೆಸುಗೆ ಹಾಕಿ ಉಜ್ಜಿದ್ದು. ನೇರ ಆ ಕೈಯ ಕೆಳಗೆ.

“ಯಾವುದೋ ಹಳೇ ತೇಪೆ,” ಅಂದರು ಸಾಹೇಬರು.

“ಆಗಲಿ. ನಿಮ್ಮ ತಂದೆಯವರು ಇಪ್ಪತ್ತು ವರ್ಷ ದಿನಾ ಈ ಕಾರು ಓಡಿಸಿದ್ರು ಅಂದ್ರಿ. ಬ್ರೇಕ್ ಸವೆದಿದೆ. ಆಕ್ಸಿಲರೇಟರ್ ಸವೆದಿದೆ. ಕ್ಲಚ್ ಮಾತ್ರ ಹೊಸದರ ಹಾಗಿದೆ. ರಬ್ಬರ್ ಬದಲಾಯಿಸಿಲ್ಲ ಅಂತ ನೀವೇ ಹೇಳಿದ್ದು. ಕ್ಲಚ್ ಒತ್ತದೆ ಇಪ್ಪತ್ತು ವರ್ಷ ಗೇರ್ ಹೇಗೆ ಹಾಕಿದ್ರು ಸ್ವಾಮಿ?”

ಹಳದಿ ಬಟ್ಟೆ ನಿಂತಿತು.

“ಇದನ್ನ ಓಡಿಸಿದ್ದು ಎಡಗಾಲು ಬಳಸದವರು. ಅವರಿಂದ ಕದ್ದ ಮೇಲೆ ಈ ಕಾರು ರಸ್ತೆಗೇ ಇಳಿದಿಲ್ಲ. ಇಳಿದಿದ್ರೆ ಕ್ಲಚ್ ಸವೀತಿತ್ತು. ನೀವು ಇದೇ ಮಾದರಿಯ ಗುಜರಿ ಗಾಡಿಯೊಂದರ ಪಟ್ಟಿ, ಕಾಗದ ತಂದು ಇದಕ್ಕೆ ಹೊಂದಿಸಿದ್ರಿ. ತಜ್ಞರು ಬರ್ತಾರೆ ಅಂತ ಗೊತ್ತಾದಾಗ ಪಟ್ಟಿ ಕಿತ್ತು, ತಪ್ಪು ಟೀಚರ್ ತಲೆಗೆ ಕಟ್ಟಿದ್ರಿ.”

“ನಾನೇ ಕಿತ್ತೆ ಅನ್ನೋದಕ್ಕೆ ಏನು ಸಾಕ್ಷಿ?”

“ನಿಮ್ಮ ಪ್ರೀತಿ. ಪೇಂಟಿಗೆ ಗೀರು ಬೀಳದ ಹಾಗೆ ಸುತ್ತ ಟೇಪ್ ಅಂಟಿಸಿ, ಕಿತ್ತಾದ ಮೇಲೆ ಮೇಣ ಹಚ್ಚಿ ಒರೆಸೋ ಕಳ್ಳ ಬೇರೆ ಯಾರಿದ್ದಾರೆ? ಕಾರಿನ ಮೇಲೆ ಸಿಟ್ಟಿರೋರು ಸ್ಕ್ರೂಡ್ರೈವರ್ ಹಾಕಿ ಮೀಟ್ತಿದ್ರು. ಇನ್ನೊಂದು ಮಾತು. ಹಳೇ ಸಾಮಾನು ಎಸೆಯೋಕೆ ನಿಮಗೆ ಕೈ ಬರಲ್ಲ. ಕಾನ್‌ಸ್ಟೇಬಲ್, ಇವರು ಬಂದ ಗಾಡಿಯ ಡಿಕ್ಕಿ ತೆಗಿ.”

ಪಟ್ಟಿ ಸಿಕ್ಕಿತು. ಮತ್ತೊಂದು ಹಳದಿ ಬಟ್ಟೆಯಲ್ಲಿ ಮಗುವಿನ ಹಾಗೆ ಮಲಗಿತ್ತು. ಅದನ್ನೂ ಒರೆಸಿಟ್ಟಿದ್ದರು.

ಸಾಹೇಬರು ಕೈಯಲ್ಲಿದ್ದ ಬಟ್ಟೆ ಮಡಚಿಟ್ಟರು. “ಆಸ್ಪತ್ರೆ ಎದುರಿಗೆ ಅಪ್ಪನ ಅಂಗಡಿ. ದಿನಾ ನೋಡಿ ನೋಡಿ ಆಸೆಪಟ್ಟು ಹೊಡ್ಕೊಂಡು ಬಂದ್ರು. ಹೊರಗೆ ತೆಗೆಯೋಕೆ ಧೈರ್ಯ ಸಾಲಲಿಲ್ಲ. ಸಾಯೋವರೆಗೂ ಶೆಡ್ಡಲ್ಲಿ ಕೂತು ಒರೆಸ್ತಿದ್ರು. ನನಗೆಲ್ಲಾ ಗೊತ್ತಿತ್ತು.”

ಮ್ಯಾನೇಜರ್ ಮೆಲ್ಲಗೆ ಸುತ್ತಿಗೆ ಕೆಳಗಿಟ್ಟ.

ಇನ್‌ಸ್ಪೆಕ್ಟರ್ ಟೋಪಿ ತೆಗೆದು ಡಾಕ್ಟರಮ್ಮನ ಕಿಟಕಿ ಬಳಿ ನಿಂತರು. ಇಡೀ ಹಾಲ್‌ಗೆ ಕೇಳುವ ಹಾಗೆ ಹೇಳಿದರು: “ಡಾಕ್ಟರಮ್ಮ ಸುಳ್ಳು ಹೇಳಿರಲಿಲ್ಲ. ತಪ್ಪು ನಮ್ಮ ಠಾಣೆದು. ಕೂತು, ಪೆಡಲ್ ಇನ್ನೂ ಇದೆಯಾ ಅಂತ ಒಂದು ಮಾತು ಕೇಳಿದ್ರೆ ಸಾಕಿತ್ತು, ಕೇಳಲಿಲ್ಲ. ಆ ಷರಾ ಇವತ್ತೇ ಹೊಡೆದು ಹಾಕ್ತೀನಿ.”

ಡಾಕ್ಟರಮ್ಮನ ಕಣ್ಣು ತುಂಬಿತ್ತು. ಸಾಲು ಸಾಲು ಕುರ್ಚಿಗಳನ್ನು ಒಂದೊಂದಾಗಿ ನೋಡಿದರು. ಹಿಂದಿನ ಸಾಲಿನಲ್ಲಿ ನಡುವಯಸ್ಸಿನವರೊಬ್ಬರು ಎದ್ದು ನಿಂತರು.

“ಡಾಕ್ಟರಮ್ಮಾ, ನಾನು ನಿಮ್ಮ ಕೈಯಲ್ಲೇ ಹುಟ್ಟಿದ್ದು,” ಅಂದರು ತೊದಲುತ್ತ. “ನಿಮ್ಮನ್ನ ಕಂಡು ರಸ್ತೆ ದಾಟಿದವರಲ್ಲಿ ನಾನೂ ಒಬ್ಬ.”

“ಗೊತ್ತು ಮಗಾ,” ಅಂದರು ಡಾಕ್ಟರಮ್ಮ. “ಈಗ ಈ ಕಡೆ ಬಾ.”