ಬೇಗ ಖಾಲಿಯಾಗುತ್ತಿದ್ದ ಬ್ಯಾಟರಿ

"ಅಮ್ಮಣ್ಣೀ! ತೆಗೀರಿ ಆ ಸೀರೆ! ಅದು ಬಟ್ಟೆ ಒಣಗಿಸೋ ತಂತಿಯಲ್ಲ!"

ಮುತ್ಯಾಲು ಬೆಚ್ಚಿಬಿದ್ದು ತಿರುಗಿದಳು. ಹಿತ್ತಿಲ ಮಾವಿನಮರದಿಂದ ಮನೆಯ ಸೂರಿಗೆ ಬೆಳಗ್ಗೆ ತಾನೇ ಹೊಸ ತಾಮ್ರದ ತಂತಿ ಕಟ್ಟಿದ್ದರು. ಇಷ್ಟು ಚೆಂದದ ತಂತಿಯನ್ನು ಸುಮ್ಮನೆ ಬಿಡುವುದುಂಟೇ? ಒಗೆದ ಸೀರೆ ಹರವಿದ್ದಳು. ಒದ್ದೆ ಸೆರಗು ಗೋಡೆಗೆ ತಾಗಿ, ಒಳಗೆ ಹೊಸ ರೇಡಿಯೋದ ಗಂಟಲೇ ಕಟ್ಟಿಹೋಗಿತ್ತು!

"ಮತ್ತೆ ಇದರ ಮೇಲೆ ಏನು ಒಣಗಿಸ್ತೀರಿ?" ಎಂದಳು ಸಿಟ್ಟಿನಿಂದ.

ರೇಡಿಯೋ ಕೂರಿಸಲು ಕೋಲಾರದಿಂದ ಬಂದಿದ್ದ ಕದಿರೇಶನಿಗೆ ನಗು ತಡೆಯಲಾಗಲಿಲ್ಲ.

"ಒಣಗಿಸಲ್ಲ, ಹಿಡೀತೀವಿ! ಈ ಬಯಲೆಲ್ಲ ಮಾತು, ಹಾಡು ಹರಿದಾಡ್ತಿದೆ. ಈಗ್ಲೂ ನಿಮ್ಮ ಮೈ ತೂರಿಕೊಂಡೇ ಹೋಗ್ತಿದೆ."

ನನ್ನ ಮೈ ತೂರಿಕೊಂಡೇ?! ಮುತ್ಯಾಲು ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಯುದ್ಧದ ಸುದ್ದಿ ಕೇಳಲೆಂದು ಅವಳ ತಂದೆ ಪಟೇಲ್ ಶ್ರೀರಾಮಪ್ಪ ತರಿಸಿದ್ದ ರೇಡಿಯೋ ಅದು. ಯಲ್ದೂರಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಬ್ಯಾಟರಿ ಖಾಲಿಯಾದಾಗೆಲ್ಲ ಕದಿರೇಶ ಬಸ್ಸಿನಲ್ಲಿ ಬಂದು, ಅದನ್ನು ಹೊತ್ತೊಯ್ದು, ಕೋಲಾರದಲ್ಲಿ ಚಾರ್ಜು ಮಾಡಿಸಿ ತರಬೇಕು.

ಬಂದಾಗೆಲ್ಲ ಅವಳ ಪ್ರಶ್ನೆಗಳು ಕಾದಿರುತ್ತಿದ್ದವು.

"ಅಲೆ ಅಂದ್ರೆ... ಕೆರೆ ಅಲೆ ಥರಾನಾ?"

"ಹೂಂ. ಆದ್ರೆ ಇದಕ್ಕೆ ನೀರೂ ಬೇಡ, ಗಾಳೀನೂ ಬೇಡ. ಬೆಳಕೂ ಇಂಥದ್ದೇ ಅಲೆ. ಒಲೆ ಮುಂದೆ ಕೂತಾಗ ಮುಖಕ್ಕೆ ತಾಗೋ ಕಾವೂ ಅದೇ. ಉದ್ದ ಬೇರೆ ಬೇರೆ, ಅಷ್ಟೇ. ರೇಡಿಯೋದ್ದು ಬೀದಿಯಷ್ಟು ಉದ್ದ, ಬೆಳಕಿನದ್ದು ಸೂಜಿಮೊನೆಗಿಂತ ಗಿಡ್ಡ. ನಮ್ಮ ಕಣ್ಣಿಗೆ ಸಿಗೋದು ಅದ್ರಲ್ಲಿ ಒಂದು ಚೂರು."

"ಮಿಕ್ಕಿದ್ದು?"

"ಸುತ್ತ ಇದ್ದೇ ಇದೆ. ನಮಗೆ ಕಾಣಲ್ಲ."

ಅಂದು ಒಲೆಯ ಮುಂದೆ ಅಂಗೈ ಚಾಚಿ ಕೂತೇಬಿಟ್ಟಳು. ಈ ಕಾವು, ಆ ಬೆಳಕು, ದೆಹಲಿಯ ಮಾತು... ಎಲ್ಲ ಒಂದೇ! ಇಷ್ಟು ದೊಡ್ಡ ಲೋಕ ಇಷ್ಟು ದಿನ ಎಲ್ಲಿ ಅಡಗಿತ್ತು? ರೊಟ್ಟಿ ಸೀದು ಕಪ್ಪಾಯಿತು, ಅಮ್ಮನ ಬೈಗುಳವೂ ಕಿವಿಗೆ ಬೀಳಲಿಲ್ಲ. ಆ ಲೋಕವನ್ನು ತೋರಿಸಿದವನ ಮೇಲೆ ಮನಸ್ಸು ಪೂರ್ತಿ ಹೋಗಿಬಿಟ್ಟಿತ್ತು.

ಆಮೇಲಾಮೇಲೆ, ಮಧ್ಯಾಹ್ನ ಯಾರೂ ಇಲ್ಲದಾಗ ಅವಳೇ ರೇಡಿಯೋ ಹಾಕತೊಡಗಿದಳು. ಆಗ ಯಾವ ಸ್ಟೇಷನ್ನೂ ಇರುತ್ತಿರಲಿಲ್ಲ, ಬರೀ ಸುಯ್ ಎಂಬ ಸದ್ದು. ಎಲ್ಲೋ ದೂರದ ಊರಲ್ಲಿ ಮಿಂಚಿದರೂ ಅದರಲ್ಲಿ ಪಟಪಟ ಅನ್ನುತ್ತೆ ಎಂದಿದ್ದ ಕದಿರೇಶ. ಕಾಣದ ಆ ಮಿಂಚನ್ನು ಕೇಳುತ್ತ ಅವಳ ಮೈ ಜುಮ್ಮೆನ್ನುತ್ತಿತ್ತು.

ಕೇಳುವ ಆಸೆಯೂ ಹೌದು... ಬ್ಯಾಟರಿ ಬೇಗ ತೀರಿದರೆ ಅವನು ಬೇಗ ಬರುತ್ತಾನೆ ಎಂಬ ಆಸೆಯೂ ಹೌದು!

ಒಂದು ದಿನ ಶ್ರೀರಾಮಪ್ಪ ಗುಡುಗಿದರು.

"ಏನ್ಲಾ ಕದಿರೇಶ, ಚಾರ್ಜು ಮಾಡಿಸ್ದೆ ಹಂಗೇ ವಾಪಸ್ ತರ್ತೀಯೇನ್ಲಾ? ಇನ್ಮೇಲೆ ನಮ್ಮನೆ ಹೊಸ್ತಿಲು ತುಳೀಬೇಡ!"

ಕದಿರೇಶ ತಲೆತಗ್ಗಿಸಿದ.

ಮುತ್ಯಾಲು ಬಾಗಿಲ ಮರೆಯಿಂದ ಇಣುಕಿದಳು. ಯಾಕೆ ಸುಮ್ಮನಿದ್ದಾನೆ? ಇಲ್ಲಿಗೆ ಬರುವುದು ಅವನಿಗೂ ಸಾಕಾಯಿತೇ? ಬಾಯಿಬಿಟ್ಟರೆ ನನ್ನ ಮಾನ ಹೋಗುತ್ತದೆ. ಬಿಡದಿದ್ದರೆ ಅವನೇ ಹೋಗುತ್ತಾನೆ...

ಅವನು ಮೆಟ್ಟಿಲಿಳಿದ.

"ಅಪ್ಪಾ! ಖಾಲಿ ಮಾಡಿದ್ದು ನಾನು!"

"ನೀನಾ? ಯಾಕಮ್ಮ?"

"ಖಾಲಿಯಾದ್ರೆ ತಾನೇ... ಅವ್ರು ಬರೋದು."

ಪಟೇಲರು ದಂಗಾದರು. ಅಂಗಳದಲ್ಲಿ ನಿಂತುಬಿಟ್ಟಿದ್ದ ಕದಿರೇಶನ ಕಣ್ಣು ತುಂಬಿತ್ತು.

"ಪಟೇಲ್ರೇ... ನಿಮ್ಮ ಮಗಳಂದ್ರೆ ನಂಗೂ ಪ್ರಾಣ."

ಶ್ರೀರಾಮಪ್ಪ ಒಮ್ಮೆ ಮಗಳನ್ನು, ಒಮ್ಮೆ ಅವನನ್ನು ನೋಡಿದರು.

"ಮುಂದಿನ ಸಲ ಬ್ಯಾಟರಿ ತರ್ಬೇಡ," ಎಂದರು ಕೊನೆಗೆ. "ನಿಮ್ಮಮ್ಮನ್ನ ಕರ್ಕೊಂಡ್ಬಾ."

ಅವರು ಒಳಗೆ ಹೋದ ಮೇಲೆ ಮುತ್ಯಾಲು ಮೆಲ್ಲಗೆ ಕೇಳಿದಳು, "ನಾನೇ ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ?"

"ಬಂದಾಗೆಲ್ಲ ರೇಡಿಯೋ ತಿರುಪಿನ ಮೇಲೆ ಅರಿಶಿನದ ಬೆರಳಚ್ಚು ಇರ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?!"

"ಹೇಳಿದ್ರೆ... ನೀವು ಹಾಕೋದನ್ನ ನಿಲ್ಲಿಸಿಬಿಡ್ತಿದ್ರಿ!"