ಬಲೆ ಹಾಕದ ಜಾಗ

2025ರ ಜುಲೈ 18, ಶುಕ್ರವಾರ ಬೆಳಿಗ್ಗೆ 11.20ಕ್ಕೆ ಕಾಪು ಪಡುವಿನ ಗಣಪ ಕುಂದರ್ ಉಡುಪಿಯ ಸೈಬರ್ ಅಪರಾಧ ಠಾಣೆಗೆ ಬಂದು, ತನ್ನ ಪಾಯಿಂಟುಗಳನ್ನು ಯಾರೋ ಕದ್ದಿದ್ದಾರೆ ಎಂದು ದೂರು ಕೊಟ್ಟರು. ವಯಸ್ಸು ಐವತ್ತೆಂಟು. ಆಳಸಮುದ್ರಕ್ಕೆ ಹೋಗುವ ಬೋಟನ್ನು ನಡೆಸುವ ತಾಂಡೇಲ.

ಇನ್‌ಸ್ಪೆಕ್ಟರ್ ರಘುಪತಿ ಉಡುಪಿ ಪೇಟೆಯಲ್ಲೇ ಹುಟ್ಟಿ ಬೆಳೆದವರು. ಆದರೆ ಮೀನು ತಿನ್ನದ ಮನೆಯವರಾದ್ದರಿಂದ ಅದನ್ನು ಹಿಡಿಯುವ ಬಗೆ ಅವರಿಗೆ ತಿಳಿಯದು.

“ಪಾಯಿಂಟು ಅಂದ್ರೆ ಎಂತ?”

“ಮೀನು ಸಿಗುವ ಜಾಗ ಸಾರ್. ಬೋಟಿನ ಜಿಪಿಎಸ್‌ನಲ್ಲಿ ಗುರುತು ಹಾಕಿ ಇಡುವುದು. ಎಲ್ಲಿ ಅಂಜಲ್, ಎಲ್ಲಿ ಬಂಗುಡೆ, ಎಲ್ಲಿ ಬಲೆ ಹರಿಯುವ ಕಲ್ಲು ಉಂಟು, ಎಲ್ಲ. ಇಪ್ಪತ್ತು ವರ್ಷದ್ದು. ನನ್ನ ಮಗನಿಗೇ ತೋರಿಸ್ಲಿಲ್ಲ ನಾನು.”

ಮಾತು ಉತ್ಪ್ರೇಕ್ಷೆಯದ್ದಲ್ಲ. ತಾಂಡೇಲರು ಹೆಂಡತಿಯ ಒಡವೆಯನ್ನಾದರೂ ಅಡವಿಟ್ಟಾರು, ಪಾಯಿಂಟು ಬಿಟ್ಟುಕೊಡಲಾರರು. ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾಯಿತೆಂದರೆ ಯಂತ್ರವನ್ನು ಬೋಟಿನಿಂದ ಬಿಚ್ಚಿ ಮನೆಗೆ ಒಯ್ದು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಈ ಸಲ ಗಣಪರ ಯಂತ್ರದ ಪರದೆ ಕೆಟ್ಟಿತ್ತು. ಕಾಪು ಪೇಟೆಯ ಡೀನ್ ಎಂಬವರ ರಿಪೇರಿ ಅಂಗಡಿಗೆ ಕೊಟ್ಟಿದ್ದರು. ಯಂತ್ರ ಬಿಚ್ಚುವ ಮೊದಲು ಅದರ ಮಾಹಿತಿಯನ್ನೆಲ್ಲ ತನ್ನ ಲ್ಯಾಪ್‌ಟಾಪಿಗೆ ನಕಲು ಮಾಡಿಡುವುದು ಡೀನ್ ಅವರ ಪದ್ಧತಿ. ಆ ಫೈಲನ್ನು ಜುಲೈ 6ರ ಭಾನುವಾರ, ಅಂಗಡಿಗೆ ರಜೆಯಿದ್ದ ದಿನ, ಯಾರೋ ತೆರೆದಿದ್ದರು. ಡೀನ್ ಅದನ್ನು ಕಂಡೊಡನೆ ಮುಚ್ಚಿಡದೆ ಗಣಪರಿಗೆ ಫೋನು ಮಾಡಿ ಹೇಳಿದ್ದರು.

“ಯಾರ ಮೇಲಾದರೂ ಸಂಶಯ ಉಂಟಾ?”

“ರೋಶನ್. ಬೇರೆ ಬೋಟಿನ ತಾಂಡೇಲ. ಎರಡು ವರ್ಷದಿಂದ ನನ್ನ ಬೆನ್ನಿಗೇ ಬರ್ತಾನೆ.”

“ನಿಮ್ಮ ಯಂತ್ರವನ್ನೂ ನಾವು ವಶಕ್ಕೆ ತೆಗೊಳ್ಬೇಕಾಗ್ತದೆ.”

“ತೆಗೊಳ್ಳಿ ಸಾರ್. ಎಷ್ಟು ಬೇಕಾದರೂ ನೋಡಿ. ಕಳ್ಳ ಸಿಕ್ಕಿದ್ರೆ ಸಾಕು.”

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಊಟ ಮುಗಿಸಿ ರಘುಪತಿ, ಹೆಡ್ ಕಾನ್‌ಸ್ಟೆಬಲ್ ಪ್ರೆಸಿಲ್ಲಾ ಮತ್ತು ಕಾನ್‌ಸ್ಟೆಬಲ್ ಪ್ರತೀಕ್ ಕಾಪುವಿಗೆ ಹೊರಟರು. ಡೀನ್ ಅವರ ಅಂಗಡಿಯಲ್ಲಿ ಪಕ್ಕದ ಬೇಕರಿಯವರನ್ನೂ ಎದುರಿನ ಟೈಲರನ್ನೂ ಪಂಚರನ್ನಾಗಿ ಕೂರಿಸಿ ಪಂಚನಾಮೆ ಶುರು ಮಾಡಿದರು. ಪ್ರತೀಕ್ ಉತ್ಸಾಹದಿಂದ ಲ್ಯಾಪ್‌ಟಾಪ್ ತೆರೆಯಲು ಕೈ ಚಾಚಿದ.

“ಮುಟ್ಟಬೇಡ ಮಾರಾಯ,” ಎಂದರು ಪ್ರೆಸಿಲ್ಲಾ. “ನೀನು ತೆರೆದ್ರೆ ನೀನು ತೆರೆದ ಹೊತ್ತೂ ಅದರಲ್ಲಿ ಬರ್ತದೆ. ನಾಳೆ ಕೋರ್ಟಿನಲ್ಲಿ ವಕೀಲರು ಕಳ್ಳನನ್ನು ಬಿಟ್ಟು ನಿನ್ನನ್ನೇ ಹಿಡ್ಕೊಳ್ತಾರೆ.”

ಲ್ಯಾಪ್‌ಟಾಪ್ ಮತ್ತು ಜಿಪಿಎಸ್ ಯಂತ್ರವನ್ನು ಹಾಗೆಯೇ ಚೀಲಕ್ಕೆ ಹಾಕಿ, ಅರಗಿನ ಮುದ್ರೆ ಒತ್ತಿ, ಪಂಚರ ಸಹಿ ಪಡೆದರು.

“ಅಂಗಡಿಯ ಕೀ ಯಾರ ಹತ್ತಿರ ಇರ್ತದೆ?” ಎಂದು ರಘುಪತಿ ಕೇಳಿದರು.

“ನನ್ನ ಹತ್ತಿರ ಒಂದು, ಲೆಕ್ಕ ಬರೆಯುವ ಹರಿಣಾಕ್ಷಿಯ ಹತ್ತಿರ ಒಂದು,” ಎಂದರು ಡೀನ್. “ಫೆಬ್ರವರಿಯಲ್ಲಿ ಸೇರಿದ್ದು. ಕಾರ್ಕಳದಿಂದ ದಿನಾ ಬಸ್ಸಿನಲ್ಲಿ ಬರ್ತಾಳೆ ಪಾಪ. ಅವಳಿಗೆ ಈ ಪಾಯಿಂಟು ಎಂತಕ್ಕೆ ಸಾರ್?”

ರಘುಪತಿಯವರಿಗೂ ಹಾಗೆಯೇ ಅನಿಸಿತು. ಅವರ ತಲೆಯಲ್ಲಿ ರೋಶನ್ ಗಟ್ಟಿಯಾಗಿ ಕೂತಿದ್ದ. ಮರುದಿನ ಠಾಣೆಗೆ ಬಂದ ರೋಶನ್ ಮಾತ್ರ ನಕ್ಕುಬಿಟ್ಟ. ಆ ಭಾನುವಾರ ಹೆಬ್ರಿಯಲ್ಲಿ ತನ್ನ ತಂಗಿಯ ಮದುವೆ ನಿಶ್ಚಯವಿತ್ತೆಂದ. ವಿಚಾರಿಸಿದಾಗ ಅದು ನಿಜವೇ ಆಗಿತ್ತು.

ಮಣಿಪಾಲದ ಡಿಜಿಟಲ್ ಫೋರೆನ್ಸಿಕ್ ಪ್ರಯೋಗಾಲಯದಲ್ಲಿ ಪರೀಕ್ಷಕಿ ಗಾನವಿ ಮೂಲ ವಸ್ತುಗಳನ್ನು ಬದಿಗಿಟ್ಟು, ಅವುಗಳ ಪಡಿಯಚ್ಚು ತೆಗೆದು ಅದರ ಮೇಲೆ ಕೆಲಸ ಮಾಡಿದರು. ಮೂಲಕ್ಕೂ ನಕಲಿಗೂ ಒಂದೊಂದು ಉದ್ದನೆಯ ಹ್ಯಾಶ್ ಸಂಖ್ಯೆ ತೆಗೆದು ಹೋಲಿಸಿದರು. ಒಳಗೆ ಒಂದು ಚುಕ್ಕೆ ಅಲುಗಿದರೂ ಆ ಸಂಖ್ಯೆ ಬದಲಾಗುತ್ತದೆ. ಎರಡೂ ಒಂದೇ ಆಗಿದ್ದವು. ಜುಲೈ 25ರಂದು ಅವರು ರಘುಪತಿಯವರನ್ನು ಕರೆಸಿಕೊಂಡರು.

“ಭಾನುವಾರ ಸಂಜೆ ಒಂದು ಪೆನ್‌ಡ್ರೈವ್ ಹಾಕಿದ್ದಾರೆ ಸಾರ್. ಅದರ ಕ್ರಮಸಂಖ್ಯೆ ಲ್ಯಾಪ್‌ಟಾಪಿನಲ್ಲಿ ಉಳಿದಿದೆ. ಪೆನ್‌ಡ್ರೈವ್ ಸಿಕ್ಕಿದರೆ ತಾಳೆ ನೋಡಬಹುದು. ಆದರೆ ಇದು ನನಗೆ ಅರ್ಥವಾಗದ ಕಳ್ಳತನ.”

“ಯಾಕೆ?”

“ನಕ್ಷೆಯ ತಂತ್ರಾಂಶ ತಾನು ತೋರಿಸಿದ ಜಾಗದ ಚಿತ್ರಗಳನ್ನು ಒಳಗೆ ಇಟ್ಟುಕೊಳ್ತದೆ. ಈ ಫೈಲಿನಲ್ಲಿ ಆರುನೂರಕ್ಕೂ ಹೆಚ್ಚು ಪಾಯಿಂಟುಗಳಿವೆ. ಇವರು ದೊಡ್ಡದು ಮಾಡಿ ನೋಡಿದ್ದು ಒಂದೇ ಒಂದನ್ನು. ನಕಲು ಮಾಡಿದ್ದೂ ಅದೊಂದನ್ನೇ. ಉಳಿದದ್ದರ ಕಡೆ ಕಣ್ಣೂ ಹಾಯಿಸಿಲ್ಲ.”

ಆ ಪಾಯಿಂಟಿಗೆ ಹೆಸರಿರಲಿಲ್ಲ. ಕಾಪುವಿನಿಂದ ಬಹಳ ಉತ್ತರಕ್ಕೆ, ಭಟ್ಕಳದಾಚೆ ನೇತ್ರಾಣಿ ದ್ವೀಪದ ಹತ್ತಿರದ ಕಡಲು. ಗುರುತು ಹಾಕಿದ್ದು 2024ರ ನವೆಂಬರ್ 12ರ ನಸುಕಿನಲ್ಲಿ.

ಮನೆ ತುಂಬ ಬಂಗಾರವಿರುವಾಗ ಒಂದು ಗುಂಡುಸೂಜಿ ಕದ್ದವನನ್ನು ಯಾವ ಪೊಲೀಸನೂ ಸುಮ್ಮನೆ ಬಿಡಲಾರ. ರಘುಪತಿ ಗಣಪರನ್ನು ಕರೆಸಿ ನಕ್ಷೆಯ ಹಾಳೆ ಮುಂದಿಟ್ಟರು.

“ಇಲ್ಲಿ ಯಾವ ಮೀನು ಸಿಗ್ತದೆ ಗಣಪಣ್ಣ?”

ಗಣಪ ಹಾಳೆಯನ್ನು ನೋಡಿ ಮುಖ ತಿರುಗಿಸಿದರು. “ಅಲ್ಲಿ ನಾವು ಬಲೆ ಹಾಕುವುದಿಲ್ಲ.”

“ಯಾಕೆ?”

“ಅಡಿಯಲ್ಲಿ ಕಲ್ಲು ಉಂಟು.”

“ನಕ್ಷೆಯಲ್ಲಿ ಬರೀ ಕೆಸರು ಅಂತ ಉಂಟಲ್ಲ?”

“ಸಾರ್, ಕೇಸು ವಾಪಸು ತೆಗೊಳ್ತೇನೆ. ಹೋಗ್ಲಿ ಬಿಡಿ.”

ದೂರುದಾರ ಹೀಗೆ ಉದಾರಿಯಾದರೆ ಪೊಲೀಸರಿಗೆ ನಿದ್ದೆ ಬರುವುದಿಲ್ಲ. ಅವರನ್ನು ಕಳುಹಿಸಿ, ಆ ನವೆಂಬರಿನಲ್ಲಿ ಕಡಲಿನಲ್ಲಿ ಏನಾಗಿತ್ತೆಂದು ನೋಡಲು ಪ್ರೆಸಿಲ್ಲಾರಿಗೆ ಹೇಳಿದರು. ಹಳೆಯ ಕಡತ ಬೇಗನೆ ಸಿಕ್ಕಿತು. ಗಣಪರ ಬೋಟಿನಿಂದ ಬಲೆ ಎಳೆಯುವ ಆಳು, ವಿಶಾಲ್ ಎಂಬ ಇಪ್ಪತ್ತೇಳರ ಕಲಾಸಿ, ನೀರಿಗೆ ಬಿದ್ದು ಕಾಣೆಯಾಗಿದ್ದ. ತಾಂಡೇಲರ ಹೇಳಿಕೆಯ ಪ್ರಕಾರ, ಘಟನೆ ನಡೆದದ್ದು ಕಾಪು ದೀಪಸ್ತಂಭದ ನೇರ ಪಶ್ಚಿಮಕ್ಕೆ. ಬೋಟಿನ ಉಳಿದವರು ಹೊರರಾಜ್ಯದವರು. ತಾಂಡೇಲ ಹೇಳಿದ್ದಕ್ಕೆ ಹೂಂ ಎಂದು ಸಹಿ ಹಾಕಿ ಊರಿಗೆ ಹೋಗಿದ್ದರು. ಎರಡು ದಿನ ಹುಡುಕಿದರೂ ಹೆಣ ಸಿಕ್ಕಿರಲಿಲ್ಲ. ಮನೆಯಲ್ಲಿ ತಾಯಿ ಅಕ್ಕು. ಒಬ್ಬಳು ಅಕ್ಕ, ಮದುವೆಯಾಗಿ ಕಾರ್ಕಳದಲ್ಲಿ.

“ಅಕ್ಕನ ಹೆಸರು ಓದಿ ಸಾರ್,” ಎಂದರು ಪ್ರೆಸಿಲ್ಲಾ.

ಹರಿಣಾಕ್ಷಿ.

ಜುಲೈ 29ರ ಮಧ್ಯಾಹ್ನ ರಘುಪತಿ ಮತ್ತು ಪ್ರೆಸಿಲ್ಲಾ ಕಾರ್ಕಳದ ಅವಳ ಸಣ್ಣ ಬಾಡಿಗೆ ಮನೆಗೆ ಹೋದಾಗ ಹರಿಣಾಕ್ಷಿಯೇ ಬಾಗಿಲು ತೆರೆದಳು. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಒಳಗೆ ಹೋಗಿ ಪೆನ್‌ಡ್ರೈವ್ ತಂದು ಮೇಜಿನ ಮೇಲಿಟ್ಟಳು.

“ನೀವು ಬರ್ತೀರಿ ಅಂತ ಗೊತ್ತಿತ್ತು ಸಾರ್.”

“ಯಾಕೆ ತೆಗೆದದ್ದು?”

“ನೀರಿಗೆ ಬೀಳುವ ಹಿಂದಿನ ರಾತ್ರಿ ತಮ್ಮ ನನಗೆ ಫೋನು ಮಾಡಿದ್ದ. ಅಕ್ಕ, ಇಲ್ಲಿಂದ ನೇತ್ರಾಣಿ ಗುಡ್ಡೆ ಕಾಣ್ತದೆ ಅಂದಿದ್ದ. ಮತ್ತೆ ಬೆಳಿಗ್ಗೆ ಕಾಪುವಿನಲ್ಲಿ ಬಿದ್ದದ್ದು ಹೇಗೆ?”

“ಆಗಲೇ ಹೇಳಬಹುದಿತ್ತಲ್ಲ?”

“ಹೇಳಿದೆ. ತಾಂಡೇಲರ ಮಾತಿನ ಮುಂದೆ ನನ್ನ ಮಾತು ಯಾರು ಕೇಳ್ತಾರೆ? ಗಣಪಣ್ಣನ ಮನೆಗೂ ಹೋಗಿ ಕಾಲು ಹಿಡಿದೆ. ನಿನಗೆ ಕೇಳಿದ್ದು ತಪ್ಪು ಅಂದರು.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಮಳೆಗಾಲದಲ್ಲಿ ಕೆಟ್ಟ ಯಂತ್ರ ಎಲ್ಲ ಡೀನಣ್ಣನ ಅಂಗಡಿಗೆ ಬರ್ತದೆ ಅಂತ ಗೊತ್ತಾಯ್ತು. ಅದಕ್ಕೇ ಅಲ್ಲಿ ಕೆಲಸಕ್ಕೆ ಸೇರಿದೆ. ಆಳು ಹೋದ ಜಾಗದಲ್ಲಿ ತಾಂಡೇಲರು ಮತ್ತೆ ಬಲೆ ಹಾಕುವುದಿಲ್ಲ ಸಾರ್. ಮರೆತು ಹಾಕಬಾರದು ಅಂತ ಗುರುತು ಇಟ್ಟುಕೊಳ್ತಾರೆ. ಅದನ್ನು ಅಳಿಸುವ ಧೈರ್ಯ ಅವರಿಗೆ ಬಂದಿರುವುದಿಲ್ಲ ಅಂತ ನನಗೆ ಗೊತ್ತಿತ್ತು.”

“ಇದನ್ನು ಇಟ್ಟುಕೊಂಡು ಎಂತ ಮಾಡುವವಳಿದ್ದೆ?”

“ಅಮ್ಮ ಅವನ ಬೊಜ್ಜ, ಉತ್ತರಕ್ರಿಯೆ, ಮಾಡ್ಲಿಕ್ಕೆ ಬಿಡ್ತಾ ಇಲ್ಲ. ಎಲ್ಲಿ ಹೋದ ಅಂತ ತೋರಿಸಿ, ಮತ್ತೆ ಮಾಡುವ ಅಂತಾರೆ. ಒಂದು ತೆಂಗಿನಕಾಯಿ ಬಿಡ್ಲಿಕ್ಕೆ ಜಾಗ ಬೇಕಿತ್ತು. ಬೇರೆ ಯಾವ ಪಾಯಿಂಟೂ ನನಗೆ ಬೇಡ.”

ರಘುಪತಿಯವರಿಗೆ ಸಂಕಟವಾಯಿತು. ಆದರೂ ಕಳ್ಳತನ ಕಳ್ಳತನವೇ. ಪ್ರೆಸಿಲ್ಲಾ ಬಂಧನದ ಕಾರಣಗಳನ್ನು ಓದಿ ಹೇಳಿದರು. ಪೆನ್‌ಡ್ರೈವಿನ ಕ್ರಮಸಂಖ್ಯೆ ತಾಳೆಯಾಯಿತು. ಜಾಮೀನು ಸಿಗುವ ಅಪರಾಧವಾದ್ದರಿಂದ ಸಂಜೆಯೊಳಗೆ ಗಂಡ ಬಂದು ಕರೆದುಕೊಂಡು ಹೋದ. ಹೊರಡುವಾಗ ಅವಳು ಒಂದೇ ಮಾತು ಕೇಳಿದಳು.

“ಗಣಪಣ್ಣ ಅವನನ್ನು ಹುಡುಕಿದ್ದಾರಾ ಸಾರ್, ಅಲ್ಲ ಹಾಗೇ ಬಂದಿದ್ದಾರಾ?”

ಅಂದೇ ರಘುಪತಿ ಗಾನವಿಯವರಿಗೆ ಪತ್ರ ಬರೆದು, ಜಿಪಿಎಸ್ ಯಂತ್ರದಿಂದ ಅಳಿಸಿದ ಮಾಹಿತಿಯೇನಾದರೂ ಇದ್ದರೆ ತೆಗೆದುಕೊಡಿ ಎಂದು ಕೋರಿದರು. ಬೋಟು ಹೋದ ದಾರಿಯನ್ನು ಅಂಥ ಯಂತ್ರ ಗೆರೆ ಎಳೆದಂತೆ ಬರೆದಿಟ್ಟುಕೊಳ್ಳುತ್ತದೆ. ಗಣಪ ಆ ರಾತ್ರಿಯ ಗೆರೆಯನ್ನು ಅಳಿಸಿದ್ದರು. ಪರದೆಯಿಂದ ಹೋದದ್ದು ಯಂತ್ರದಿಂದಲೇ ಹೋಯಿತೆಂದು ನಂಬಿದ್ದರು. ಆಗಸ್ಟ್ 11ರಂದು ವರದಿ ಬಂತು. ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರವೂ ಇತ್ತು. ಅದಿಲ್ಲದೆ ನ್ಯಾಯಾಲಯ ಇಂಥ ಸಾಕ್ಷ್ಯವನ್ನು ಒಪ್ಪುವುದಿಲ್ಲ.

ಗಣಪರನ್ನು ಠಾಣೆಗೆ ಕರೆಸಿ ರಘುಪತಿ ವರದಿಯ ಚಿತ್ರವನ್ನು ಮುಂದಿಟ್ಟರು. ಹೆಸರಿಲ್ಲದ ಆ ಪಾಯಿಂಟಿನ ಸುತ್ತ ಗೆರೆ ಸುತ್ತಿ ಸುತ್ತಿ ಸಿಕ್ಕುಬಿದ್ದ ನೂಲಿನ ಹಾಗಿತ್ತು. ಆಮೇಲೆ ಒಂದೇ ಓಟಕ್ಕೆ ತೆಂಕಿಗೆ, ಕಾಪುವಿನ ಕಡೆಗೆ.

“ಬೆಳಕು ಹರಿಯುವವರೆಗೆ ಹುಡುಕಿದ್ದೀರಿ,” ಎಂದರು ರಘುಪತಿ.

“ಹುಡುಕಿದೆವು ಸಾರ್. ಸಿಗ್ಲಿಲ್ಲ.”

“ಮತ್ತೆ ಜಾಗ ಸುಳ್ಳು ಹೇಳಿದ್ದು ಯಾಕೆ?”

“ಲೈಟು ಹಾಕಿ ಮೀನು ಹಿಡೀತಿದ್ದೆವು. ಅದಕ್ಕೆ ನಿಷೇಧ ಉಂಟಲ್ಲ? ಗೊತ್ತಾದ್ರೆ ಬೋಟಿನ ಲೈಸೆನ್ಸ್ ಹೋಗ್ತದೆ, ಮತ್ತೆ ಯಾರೂ ನನಗೆ ಬೋಟು ಕೊಡುವುದಿಲ್ಲ. ಹುಡುಗ ಹೇಗೂ ಹೋಗಿಯಾಯ್ತು ಅಂತ…”

“ಹೋಗಿದ್ದ ಅಂತ ನಿಮಗೆ ಹೇಗೆ ಗೊತ್ತು? ಹುಡುಕಲು ಹೋದವರನ್ನೆಲ್ಲ ನೀವು ಖಾಲಿ ಕಡಲಿಗೆ ಕಳುಹಿಸಿದಿರಿ.”

ಸುಳ್ಳು ಮಾಹಿತಿ ಮತ್ತು ನಿರ್ಲಕ್ಷ್ಯದ ಸಾವಿನ ಎರಡನೆಯ ಪ್ರಕರಣ ದಾಖಲಾಗಿ, ಅಂದು ಸಂಜೆ 4.40ಕ್ಕೆ ಗಣಪರನ್ನು ಬಂಧಿಸಲಾಯಿತು. ಹರಿಣಾಕ್ಷಿಗೆ ರಘುಪತಿ ತಾವೇ ಫೋನು ಮಾಡಿ, ಹುಡುಕಿದ್ದಾರೆ ಎಂದು ಹೇಳಿದರು. ಅವಳು ಆ ಕಡೆಯಲ್ಲಿ ಜೋರಾಗಿ ಅತ್ತಳು.

ಎರಡನೆಯ ಪ್ರಕರಣಕ್ಕೆ ಘಟನಾ ಸ್ಥಳದ ಪಂಚನಾಮೆ ಆಗಲೇಬೇಕಿತ್ತು. ಸಮುದ್ರ ತಣ್ಣಗಾದ ಮೇಲೆ, ಸೆಪ್ಟೆಂಬರ್ ಮೂರನೆಯ ವಾರದಲ್ಲಿ ಕರಾವಳಿ ಕಾವಲು ಪೊಲೀಸರ ದೋಣಿ ಹೊರಟಿತು. ಜಾಗ ತೋರಿಸಲು ಗಣಪ, ಜೊತೆಗೆ ಇಬ್ಬರು ಪಂಚರು. ಕಾಣೆಯಾದವನ ಮನೆಯವರು ಹಾಜರಿರಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಇರಬಾರದೆಂದೂ ಹೇಳುವುದಿಲ್ಲ. ರಘುಪತಿ ಅಕ್ಕುವನ್ನೂ ಹರಿಣಾಕ್ಷಿಯನ್ನೂ ಹತ್ತಿಸಿಕೊಂಡಿದ್ದರು.

ದೋಣಿಯ ಜಿಪಿಎಸ್ ಅಂಕಿಗಳು ವರದಿಯ ಅಂಕಿಗಳಿಗೆ ತಾಳೆಯಾದಾಗ ಎಂಜಿನ್ ನಿಲ್ಲಿಸಿದರು. ಬಡಗಕ್ಕೆ ನೇತ್ರಾಣಿ ಗುಡ್ಡೆ ಕಾಣುತ್ತಿತ್ತು. ಪ್ರತೀಕ್ ತೊಡೆಯ ಮೇಲೆ ಹಾಳೆಯಿಟ್ಟು ಬರೆಯತೊಡಗಿದ. ಸ್ಥಳದಲ್ಲಿ ನೀರಿನ ಹೊರತು ಬೇರೇನೂ ಕಂಡುಬಂದಿಲ್ಲ.

“ಇಲ್ಲಿಯೇನಾ ಗಣಪ?” ಎಂದು ಅಕ್ಕು ಕೇಳಿದರು.

“ಇಲ್ಲಿಯೇ ಅಕ್ಕ.”

ಅಕ್ಕು ತೆಂಗಿನಕಾಯಿ ಬಿಟ್ಟು, ತಂಬಿಗೆಯ ಹಾಲು ಹೊಯ್ದರು. ಬೈಯಲಿಲ್ಲ, ಶಾಪ ಹಾಕಲಿಲ್ಲ. ಹಾಲು ನೀರಿನಲ್ಲಿ ಕರಗಿದ ಮೇಲೆ ಗಣಪರ ಕಡೆ ತಿರುಗಿದರು.

“ಹತ್ತು ತಿಂಗಳು ನಾನು ದಿನಾ ಸಂಜೆ ಕಾಪುವಿನ ಕಡಲಕರೆಯ ಹೊಯಿಗೆಯಲ್ಲಿ ಕೂತು ಅವನ ಹತ್ತಿರ ಮಾತಾಡ್ತಿದ್ದೆ ಮಾರಾಯ. ಅವನು ಅಲ್ಲಿ ಇರಲೇ ಇಲ್ಲ.”